ಭೇಟಿಯ ದಿನ ಮಗುವನ್ನು ತೋರಿಸದಿದ್ದರೆ





ಶಿಕ್ಷಣ ಸಂಘದ ವೇದಿಕೆಯಲ್ಲಿ ವಿದ್ಯಾರ್ಥಿವೇತನ, ಪರೀಕ್ಷೆ, ಉದ್ಯೋಗ ಇವುಗಳ ಬಗ್ಗೆ ಮಾತಾಡುವುದು ವಾಡಿಕೆ. ಇಂದು ನಾನು ಆರಿಸಿಕೊಂಡ ವಿಷಯ ಬೇರೆ. ತಂದೆ ತಾಯಿ ಬೇರೆಯಾಗಿದ್ದಾರೆ. ಮಗು ಒಬ್ಬರ ಬಳಿ ಇರಲಿ, ಇನ್ನೊಬ್ಬರು ಇಂಥ ದಿನ ಇಂಥ ಹೊತ್ತಿಗೆ ನೋಡಲಿ ಎಂದು ನ್ಯಾಯಾಲಯ ಆದೇಶ ಮಾಡಿದೆ. ಆ ದಿನ ಬಂದಾಗ ಬಾಗಿಲು ತೆರೆಯುವುದಿಲ್ಲ. ಆಗ ಏನು ಮಾಡಬೇಕು? ಇದು ಶಿಕ್ಷಣದ ವಿಷಯವೇ ಎಂದು ನೀವು ಕೇಳಬಹುದು. ಹೌದು ಎನ್ನುತ್ತೇನೆ. ಇಂಥ ಮನೆಯ ಮಗು ನಮ್ಮ ಶಾಲೆಗಳ ಬೆಂಚಿನಲ್ಲಿಯೇ ಕೂತಿದೆ. ಅದರ ಮನಸ್ಸು ಪಾಠದಲ್ಲಿ ಇಲ್ಲದಿದ್ದರೆ ಅದಕ್ಕೆ ಕಾರಣ ಪುಸ್ತಕ ಮಾತ್ರವಲ್ಲ.

ಒಂದು ಮನೆಯನ್ನು ಉದಾಹರಣೆಗೆ ಊಹಿಸಿಕೊಳ್ಳಿ. ತಾಯಿ ಗಂಡಸಿಯ ತವರಿನಲ್ಲಿದ್ದಾಳೆ. ತಂದೆ ಬೆಂಗಳೂರಿನಲ್ಲಿ ಗ್ಯಾರೇಜ್ ಕೆಲಸ ಮಾಡುತ್ತಾನೆ. ತಿಂಗಳಲ್ಲಿ ಎರಡು ಭಾನುವಾರ ಭೇಟಿ ಎಂದು ಆದೇಶವಾಗಿದೆ. ಆತ ರಾತ್ರಿಯೇ ಹೊರಟು ಬೆಳಿಗ್ಗೆ ಹ್ಯಾಂಡ್‌ಪೋಸ್ಟ್‌ನಲ್ಲಿ ಬಸ್ಸಿಳಿಯುತ್ತಾನೆ. ಕೈಯಲ್ಲಿ ಬಟ್ಟೆಯ ಚೀಲ, ಒಂದಿಷ್ಟು ಮಿಠಾಯಿ. ಮನೆ ಮುಂದೆ ನಿಂತರೆ ಮಾಮು ಹೊರಬಂದು 'ಮಗುವಿಗೆ ಜ್ವರ' ಎನ್ನುತ್ತಾನೆ. ಮುಂದಿನ ಸಲ 'ನಾನಿಯ ಜೊತೆ ಊರಿಗೆ ಹೋಗಿದೆ' ಎನ್ನುತ್ತಾರೆ. ಮೂರನೆಯ ಸಲ 'ಅದೇ ಬರುವುದಿಲ್ಲ ಎನ್ನುತ್ತದೆ, ನಾವೇನು ಮಾಡೋಣ' ಎನ್ನುತ್ತಾರೆ. ಈಗ ಇದನ್ನೇ ತಿರುಗಿಸಿ ನೋಡಿ. ಮಗು ತಂದೆಯ ಮನೆಯಲ್ಲಿದೆ, ತಾಯಿ ಬಾಗಿಲಲ್ಲಿ ನಿಂತಿದ್ದಾಳೆ, ದಾದಿ ಒಳಗಿನಿಂದಲೇ ಉತ್ತರ ಕೊಡುತ್ತಾಳೆ. ಎರಡೂ ನಡೆಯುತ್ತವೆ. ಆದ್ದರಿಂದ ನಾನು ಹೇಳುವುದು ಗಂಡಸರ ಪರವೂ ಅಲ್ಲ, ಹೆಂಗಸರ ಪರವೂ ಅಲ್ಲ. ಮಗುವಿನ ಪರ.

ಮೊದಲು ನಮ್ಮ ದೀನ್ ಏನು ಹೇಳುತ್ತದೆ ಎಂಬುದನ್ನು ನೋಡೋಣ. ಅಲ್-ಬಕರ ಸೂರಾದ 233ನೇ ಆಯತ್ತು ಹಾಲುಣಿಸುವ ಮಗುವಿನ ವಿಷಯ ಹೇಳುವಾಗ, ಮಗುವಿನ ನೆಪದಲ್ಲಿ ತಾಯಿಯನ್ನು ನೋಯಿಸಬಾರದು, ತಂದೆಯನ್ನೂ ನೋಯಿಸಬಾರದು ಎಂದು ಇಬ್ಬರನ್ನೂ ಸೇರಿಸಿಯೇ ಹೇಳಿದೆ. ಹಾಲು ಬಿಡಿಸುವಂಥ ವಿಷಯದಲ್ಲೂ ಇಬ್ಬರೂ ಸಮಾಲೋಚಿಸಿ ಒಪ್ಪಿ ತೀರ್ಮಾನಿಸಬೇಕೆಂಬ ಸೂಚನೆ ಅಲ್ಲಿದೆ. ಹಾಲು ಬಿಡಿಸುವುದಕ್ಕೇ ಸಮಾಲೋಚನೆ ಬೇಕೆಂದಾದರೆ, ಮಗುವಿಗೆ ತಂದೆಯನ್ನೋ ತಾಯಿಯನ್ನೋ ಬಿಡಿಸುವ ಅಧಿಕಾರ ಒಬ್ಬರಿಗೆ ಎಲ್ಲಿಂದ ಬಂತು?

ಫಿಕ್ಹ್ ಗ್ರಂಥಗಳಲ್ಲಿ ಮಗುವನ್ನು ಸಾಕಿ ನೋಡಿಕೊಳ್ಳುವ ಹಕ್ಕಿಗೆ ಹಿಝಾನತ್ ಎನ್ನುತ್ತಾರೆ. ಹನಫಿ ಮದ್‌ಹಬ್‌ನಲ್ಲಿ ಗಂಡುಮಗುವಿಗೆ 7 ವರ್ಷವಾಗುವವರೆಗೆ, ಹೆಣ್ಣುಮಗು ಪ್ರಾಯಕ್ಕೆ ಬರುವವರೆಗೆ ಈ ಹಕ್ಕು ತಾಯಿಗೆ. ಶಾಫಿ ಮದ್‌ಹಬ್‌ನಲ್ಲಿ ತಿಳಿವಳಿಕೆ ಬಂದ ಮಗುವಿನ ಆಯ್ಕೆಗೆ ಬೆಲೆ ಇದೆ. ವಲಿಯಾಗಿ ಖರ್ಚು ವೆಚ್ಚ, ಆಸ್ತಿ, ಶಿಕ್ಷಣದ ಹೊಣೆ ತಂದೆಯದು. ಇವು ಎರಡು ಬೇರೆ ಬೇರೆ ಹೊಣೆಗಳು. ಒಂದು ಹೊಣೆ ಒಬ್ಬರಿಗೆ ಸೇರಿತೆಂದು ಇನ್ನೊಬ್ಬರ ಸಂಬಂಧ ಕಡಿದು ಹೋಗುವುದಿಲ್ಲ.

ಇಮಾಮ್ ಮಾಲಿಕರ ಮುವತ್ತಾದಲ್ಲಿ ಒಂದು ಘಟನೆ ಇದೆ. ಹಝ್ರತ್ ಉಮರ್ (ರ) ಅವರು ಅನ್ಸಾರ್ ಪಂಗಡದ ತಮ್ಮ ಪತ್ನಿಯಿಂದ ಬೇರೆಯಾಗಿದ್ದರು. ಆಕೆಯಲ್ಲಿ ಹುಟ್ಟಿದ ಮಗ ಆಸಿಮ್. ಒಂದು ದಿನ ಕುಬಾ ಮಸೀದಿಯ ಅಂಗಳದಲ್ಲಿ ಆ ಹುಡುಗ ಆಡುತ್ತಿದ್ದುದನ್ನು ಕಂಡು ಎತ್ತಿ ತಮ್ಮ ವಾಹನದ ಮೇಲೆ ಕೂರಿಸಿಕೊಂಡರು. ಮಗುವಿನ ಅಜ್ಜಿ ತಡೆದರು. ವ್ಯಾಜ್ಯ ಖಲೀಫಾ ಅಬೂಬಕರ್ (ರ) ಅವರ ಮುಂದೆ ಬಂತು. ಮಗುವನ್ನು ಆಕೆಯ ಬಳಿ ಬಿಡಿ ಎಂದು ಅವರು ತೀರ್ಪು ಕೊಟ್ಟರು. ಉಮರ್ (ರ) ಮರುಮಾತಾಡಲಿಲ್ಲ. ಉಮರ್‌ರಂಥ ಪ್ರಬಲ ವ್ಯಕ್ತಿ, ತಂದೆಯೂ ಹೌದು. ಆದರೂ ತೀರ್ಪು ತಮ್ಮ ವಿರುದ್ಧ ಬಂದಾಗ ಮಗುವಿನ ಕೈ ಬಿಟ್ಟರು. 'ಕೋರ್ಟಿನ ಆರ್ಡರ್ ಕೋರ್ಟಿನಲ್ಲಿ, ನಮ್ಮ ಮನೆಯಲ್ಲಿ ನಮ್ಮದೇ' ಎನ್ನುವವರು ಈ ಘಟನೆಯನ್ನು ಓದಬೇಕು.

ಇನ್ನು ದೇಶದ ಕಾನೂನಿಗೆ ಬರೋಣ. ಮಗುವಿನ ಪಾಲನೆಗೆ ಸಂಬಂಧಿಸಿದ ಮುಖ್ಯ ಕಾಯಿದೆ 1890ರ ಪಾಲಕರು ಮತ್ತು ಪಾಲ್ಯರ ಕಾಯಿದೆ. ಇದು ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಇದರ 17ನೇ ಕಲಂ ಪ್ರಕಾರ ನ್ಯಾಯಾಲಯ ನೋಡಬೇಕಾದದ್ದು ಮಗುವಿನ ಹಿತ. ವೈಯಕ್ತಿಕ ಕಾನೂನನ್ನು ಗಮನಿಸುತ್ತಾರೆ, ವಯಸ್ಸು ಧರ್ಮಗಳನ್ನೂ ಗಮನಿಸುತ್ತಾರೆ, ಆದರೆ ತಕ್ಕಡಿಯಲ್ಲಿ ಹೆಚ್ಚು ತೂಗುವುದು ಹಿತವೇ. 12ನೇ ಕಲಂನಡಿ ಪ್ರಕರಣ ನಡೆಯುತ್ತಿರುವಾಗಲೇ ಮಧ್ಯಂತರ ಆದೇಶ ಕೊಡಬಹುದು. 1984ರ ಕುಟುಂಬ ನ್ಯಾಯಾಲಯಗಳ ಕಾಯಿದೆಯ 7ನೇ ಕಲಂ ಮಗುವಿನ ಸುಪರ್ದಿನ ಜೊತೆಗೆ ಭೇಟಿಯ ವಿಷಯವನ್ನೂ ಸ್ಪಷ್ಟವಾಗಿ ಕುಟುಂಬ ನ್ಯಾಯಾಲಯಕ್ಕೆ ವಹಿಸಿದೆ. ಕೌಟುಂಬಿಕ ದೌರ್ಜನ್ಯದ ಪ್ರಕರಣವಾದರೆ 2005ರ ಕಾಯಿದೆಯ 21ನೇ ಕಲಂನಲ್ಲಿ ಮ್ಯಾಜಿಸ್ಟ್ರೇಟರು ತಾತ್ಕಾಲಿಕ ಸುಪರ್ದು ಕೊಡಬಹುದು, ಭೇಟಿಯ ಏರ್ಪಾಡನ್ನೂ ಮಾಡಬಹುದು. ಭೇಟಿಯಿಂದ ಮಗುವಿಗೆ ಹಾನಿ ಎಂದು ಕಂಡರೆ ನಿರಾಕರಿಸಲೂಬಹುದು. ಒಂದೇ ಬಾರಿಗೆ ತಲಾಕ್ ಹೇಳಿದ ಪ್ರಕರಣಗಳಲ್ಲಿ 2019ರ ಕಾಯಿದೆಯ 6ನೇ ಕಲಂ ಅಪ್ರಾಪ್ತ ಮಕ್ಕಳ ಸುಪರ್ದು ತಾಯಿಗೆ ಎಂದು ಹೇಳುತ್ತದೆ, ಅದರ ರೀತಿಯನ್ನು ಮ್ಯಾಜಿಸ್ಟ್ರೇಟರು ನಿರ್ಧರಿಸುತ್ತಾರೆ.

ನಮ್ಮ ರಾಜ್ಯದ ಒಂದು ಮುಸ್ಲಿಂ ಕುಟುಂಬದ ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಗಿ 2010ರಲ್ಲಿ ತೀರ್ಮಾನವಾಯಿತು. ಕಕ್ಷಿದಾರರ ಹೆಸರು ನಮಗೆ ಬೇಡ. ಬೆಂಗಳೂರಿನ ಕುಟುಂಬ ನ್ಯಾಯಾಲಯದಲ್ಲಿ ಆರಂಭವಾದ ವ್ಯಾಜ್ಯ. ತಾಯಿ ತೀರಿಕೊಂಡಿದ್ದರು, ತಂದೆ ಮರುಮದುವೆಯಾಗಿದ್ದರು, ಮಕ್ಕಳಿಬ್ಬರು ತಾಯಿಯ ಕಡೆಯ ಬಂಧುಗಳ ಬಳಿ ಇದ್ದರು. ತಂದೆ ಸಹಜ ಪಾಲಕನಾದರೂ ಪಾಲಕತ್ವ ಬೇರೆ, ಸುಪರ್ದು ಬೇರೆ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಮಕ್ಕಳನ್ನು ಮಧ್ಯಂತರವಾಗಿ ತಾಯಿಯ ಕಡೆಯವರ ಬಳಿಯೇ ಉಳಿಸಿತು, ತಂದೆಗೆ ಭೇಟಿಯ ಅವಕಾಶವನ್ನೂ ಉಳಿಸಿತು. ಇದರಲ್ಲಿ ಎರಡು ಪಾಠವಿದೆ. ಮಗು ನನ್ನ ಬಳಿ ಇದೆ ಎಂದಾಕ್ಷಣ ಇನ್ನೊಬ್ಬರು ಪರಕೀಯರಾಗುವುದಿಲ್ಲ. ನಾನು ತಂದೆ ಎಂದಾಕ್ಷಣ ಮಗು ನನ್ನ ಮನೆಗೇ ಬರಬೇಕೆಂದೂ ಇಲ್ಲ.

2020ರ ಜನವರಿಯಲ್ಲಿ ನ್ಯಾಯಮೂರ್ತಿ ದೀಪಕ್ ಗುಪ್ತಾ ಮತ್ತು ನ್ಯಾಯಮೂರ್ತಿ ಅನಿರುದ್ಧ ಬೋಸ್ ಅವರ ಪೀಠ ಇನ್ನೂ ಮುಂದೆ ಹೋಯಿತು. ಮಗುವಿಗೆ ತಂದೆ ತಾಯಿ ಇಬ್ಬರ ಪ್ರೀತಿಯೂ ಬೇಕು, ಭೇಟಿಯ ಹಕ್ಕಿನ ಜೊತೆಗೆ ಸಂಪರ್ಕದ ಹಕ್ಕೂ ಇರಬೇಕು, ದೂರದಲ್ಲಿರುವ ತಂದೆಯೋ ತಾಯಿಯೋ ದಿನಕ್ಕೆ 5ರಿಂದ 10 ನಿಮಿಷವಾದರೂ ಫೋನಿನಲ್ಲೋ ವಿಡಿಯೋ ಕರೆಯಲ್ಲೋ ಮಾತಾಡುವಂತಿರಬೇಕು ಎಂದಿತು. ದಮ್ಮಾಮ್, ದುಬೈಗಳಲ್ಲಿ ದುಡಿಯುತ್ತಿರುವವರ ಮನೆಗಳಿಗೆ ಇದು ಬಹಳ ಉಪಯೋಗದ ಮಾತು. ಆದೇಶ ಬೇಡುವಾಗ ಇದನ್ನೂ ಕೇಳಿಕೊಳ್ಳಿ.

ಸರಿ, ಆದೇಶ ಸಿಕ್ಕಿದೆ, ಎದುರಿನವರು ಪಾಲಿಸುತ್ತಿಲ್ಲ. ಹಂತ ಹಂತವಾಗಿ ಹೇಳುತ್ತೇನೆ. ವಿದ್ಯಾರ್ಥಿಗಳು ಬೇಕಾದರೆ ಬರೆದುಕೊಳ್ಳಿ.

ಮೊದಲನೆಯದು, ಆದೇಶದ ದೃಢೀಕೃತ ನಕಲು ಪಡೆದು ಪೂರ್ತಿ ಓದಿ. ದಿನ, ಗಂಟೆ, ಸ್ಥಳ, ಯಾರು ಕರೆತರಬೇಕು, ಯಾರು ಮರಳಿ ಬಿಡಬೇಕು, ಬೇಸಿಗೆ ಮತ್ತು ದಸರಾ ರಜೆಯಲ್ಲಿ ಹೇಗೆ, ಎರಡು ಈದ್‌ಗಳಲ್ಲಿ ಹೇಗೆ, ಮಗುವಿಗೆ ಕಾಯಿಲೆಯಾದರೆ ಬದಲಿ ದಿನ ಯಾವುದು ಎಂಬುದೆಲ್ಲ ಅದರಲ್ಲಿ ಇದೆಯೇ ನೋಡಿ. 'ಸೂಕ್ತ ಸಮಯದಲ್ಲಿ ಭೇಟಿಗೆ ಅವಕಾಶ' ಎಂದಷ್ಟೇ ಬರೆದಿದ್ದರೆ ಅದನ್ನು ಜಾರಿ ಮಾಡಿಸುವುದು ಕಷ್ಟ. ಯಾವುದು ಸೂಕ್ತ ಎಂಬುದೇ ಜಗಳವಾಗುತ್ತದೆ. ಅದೇ ನ್ಯಾಯಾಲಯಕ್ಕೆ ಅರ್ಜಿ ಹಾಕಿ ಸ್ಪಷ್ಟ ಮಾಡಿಸಿಕೊಳ್ಳಿ.

ಎರಡನೆಯದು, ಪ್ರತಿ ಸಲವೂ ಹೇಳಿದ ಹೊತ್ತಿಗೆ ಹೋಗಿ. 'ಹೇಗೂ ಕಳಿಸುವುದಿಲ್ಲ' ಎಂದು ಒಂದು ಸಲ ತಪ್ಪಿಸಿದರೆ, ಅವರೇ ಬರಲಿಲ್ಲ ಎಂದು ನಾಳೆ ಎದುರಿನವರು ಹೇಳುತ್ತಾರೆ. ಬಸ್ಸಿನ ಟಿಕೆಟ್ ಇಟ್ಟುಕೊಳ್ಳಿ. ಒಂದು ಪುಸ್ತಕದಲ್ಲಿ ತಾರೀಕು, ಗಂಟೆ, ನಡೆದದ್ದು ಬರೆಯಿರಿ. ಜಗಳವಾಡದ ಒಬ್ಬ ಹಿರಿಯರನ್ನು ಜೊತೆಗೆ ಕರೆದುಕೊಂಡು ಹೋಗಿ. ಅಂದೇ ಸಂಜೆ ಮರ್ಯಾದೆಯ ಮಾತಿನಲ್ಲಿ ಒಂದು ಸಂದೇಶ ಕಳಿಸಿ, ಸ್ಪೀಡ್ ಪೋಸ್ಟಿನಲ್ಲಿ ಒಂದು ಪತ್ರ ಹಾಕಿ. ಆ ಪತ್ರವನ್ನು ಮುಂದೆ ನ್ಯಾಯಾಧೀಶರು ಓದುತ್ತಾರೆ ಎಂದು ನೆನಪಿಟ್ಟೇ ಬರೆಯಿರಿ. ಬೈಗುಳ ಇದ್ದರೆ ಅದು ನಿಮ್ಮ ವಿರುದ್ಧದ ಸಾಕ್ಷಿಯಾಗುತ್ತದೆ.

ಮೂರನೆಯದು, ಅಮಲ್ಜಾರಿ ಅರ್ಜಿ. ಕುಟುಂಬ ನ್ಯಾಯಾಲಯದ ಆದೇಶಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯಷ್ಟೇ ಬಲವಿದೆ, ಅದೇ ರೀತಿಯಲ್ಲಿ ಜಾರಿ ಮಾಡಬಹುದು ಎಂದು 1984ರ ಕಾಯಿದೆಯ 18ನೇ ಕಲಂ ಹೇಳುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 32ನೇ ನಿಯಮದಡಿ, ಅವಕಾಶವಿದ್ದೂ ಬೇಕೆಂದೇ ಪಾಲಿಸದವರ ಆಸ್ತಿ ಜಪ್ತಿಯಾಗಬಹುದು, ಸಿವಿಲ್ ಕಾರಾಗೃಹವೂ ಆಗಬಹುದು. ಮಧ್ಯಂತರ ತಡೆಯಾಜ್ಞೆಯ ಉಲ್ಲಂಘನೆಗೆ 39ನೇ ಆದೇಶದ 2ಎ ನಿಯಮದಲ್ಲಿ 3 ತಿಂಗಳವರೆಗೆ ಸಿವಿಲ್ ಕಾರಾಗೃಹವಿದೆ. 1890ರ ಕಾಯಿದೆಯ 45ನೇ ಕಲಂ, ಆದೇಶವಾದರೂ ಮಗುವನ್ನು ಹಾಜರುಪಡಿಸದವರಿಗೆ 100 ರೂಪಾಯಿವರೆಗೆ ದಂಡ, ಮೊಂಡುತನ ಮುಂದುವರಿಸಿದರೆ ದಿನಕ್ಕೆ 10 ರೂಪಾಯಿಯಂತೆ ಒಟ್ಟು 500 ರೂಪಾಯಿವರೆಗೆ ಎನ್ನುತ್ತದೆ. ಇದು ಅಂದಿನ ಕಾಲದ ಲೆಕ್ಕ, ಇಂದು ಯಾರೂ ಇದಕ್ಕೆ ಹೆದರುವುದಿಲ್ಲ. ಆದರೆ ಮಗುವನ್ನು ಹಾಜರುಪಡಿಸುತ್ತೇನೆಂದು ಒಪ್ಪುವವರೆಗೆ ಸಿವಿಲ್ ಕಾರಾಗೃಹದಲ್ಲಿಡಬಹುದೆಂದು ಅದೇ ಕಲಂ ಹೇಳುತ್ತದೆ. ಹೆದರಬೇಕಾದದ್ದು ಅದಕ್ಕೆ.

ಆದರೆ ಜೈಲನ್ನೇ ಮೊದಲು ಕೇಳಬೇಡಿ. ಅಮ್ಮಿಯನ್ನು ಜೈಲಿಗೆ ಕಳಿಸಿದ ಅಬ್ಬಾ ಎಂದು ಮಗು ನಿಮ್ಮನ್ನು ನೆನಪಿಡುವುದು ಬೇಡ. ತಪ್ಪಿಹೋದ ದಿನಗಳಿಗೆ ಬದಲಿ ದಿನ ಕೇಳಿ. ಮನೆ ಬಾಗಿಲಿನ ಬದಲು ನ್ಯಾಯಾಲಯದ ಆವರಣ, ಮಧ್ಯಸ್ಥಿಕೆ ಕೇಂದ್ರ, ಇಬ್ಬರಿಗೂ ಒಪ್ಪುವ ಒಂದು ಸ್ಥಳ ಕೇಳಿ. ಖರ್ಚು ಕೊಡಿಸಲು ಕೇಳಿ. ಅಗತ್ಯವಿದ್ದರೆ ಪೊಲೀಸ್ ನೆರವಿಗೆ ನಿರ್ದೇಶನ ಕೇಳಿ. ನೇರವಾಗಿ ಠಾಣೆಗೆ ಹೋದರೆ 'ಇದು ಸಿವಿಲ್ ವಿಷಯ' ಎಂದು ವಾಪಸ್ ಕಳಿಸುವುದೇ ಹೆಚ್ಚು. ನ್ಯಾಯಾಲಯದ ನಿರ್ದೇಶನ ಕೈಯಲ್ಲಿದ್ದರೆ ಮಾತು ಬೇರೆ.

ನಾಲ್ಕನೆಯದು, ನ್ಯಾಯಾಂಗ ನಿಂದನೆ. 1971ರ ಕಾಯಿದೆಯಡಿ ಬೇಕೆಂದೇ ಆದೇಶ ಮೀರಿದವರಿಗೆ 6 ತಿಂಗಳವರೆಗೆ ಸಾದಾ ಸಜೆ, ಇಲ್ಲವೇ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಕೆಳಗಿನ ನ್ಯಾಯಾಲಯದ ಆದೇಶವಾದರೂ ಹೈಕೋರ್ಟ್ ಇದನ್ನು ವಿಚಾರಿಸುತ್ತದೆ. ಉಲ್ಲಂಘನೆಯಾದ ಒಂದು ವರ್ಷದೊಳಗೆ ಹೋಗಬೇಕು. 'ಬೇಕೆಂದೇ' ಎಂಬುದನ್ನು ತೋರಿಸಬೇಕಾಗುತ್ತದೆ. ಆಗ ನೀವು ಬರೆದಿಟ್ಟ ಪುಸ್ತಕ ಮತ್ತು ಹಾಕಿದ ಪತ್ರಗಳು ಕೆಲಸಕ್ಕೆ ಬರುತ್ತವೆ.

ಐದನೆಯದು, ಸುಪರ್ದಿನ ಬದಲಾವಣೆ. ಮಕ್ಕಳ ವಿಷಯದ ಆದೇಶ ಕಲ್ಲಿನ ಮೇಲೆ ಬರೆದದ್ದಲ್ಲ, ಪರಿಸ್ಥಿತಿ ಬದಲಾದರೆ ಬದಲಾಯಿಸಬಹುದು. ಮಗುವಿನ ಮನಸ್ಸನ್ನು ಇನ್ನೊಬ್ಬರ ವಿರುದ್ಧ ಕೆಡಿಸುವುದನ್ನು ನ್ಯಾಯಾಲಯಗಳು ಗಂಭೀರವಾಗಿ ನೋಡುತ್ತವೆ. 2017ರಲ್ಲಿ ನ್ಯಾಯಮೂರ್ತಿ ಎ.ಕೆ. ಸಿಕ್ರಿ ಅವರಿದ್ದ ಸುಪ್ರೀಂ ಕೋರ್ಟ್ ಪೀಠ, ಎಳವೆಯಿಂದ ತಂದೆಯ ಬಳಿಯೇ ಬೆಳೆದಿದ್ದ ಹೆಣ್ಣುಮಗುವನ್ನು ತಾಯಿಗೆ ಒಪ್ಪಿಸಲು ಹೇಳಿತು. ತಾಯಿಯಿಂದ ದೂರವಿಟ್ಟು ಬೆಳೆಸಿದ ಮಗು ತಂದೆಯನ್ನೇ ಬಯಸುತ್ತದೆ ಎಂಬುದನ್ನೇ ಕೊನೆಯ ಮಾತೆಂದು ಅದು ಒಪ್ಪಲಿಲ್ಲ. ಭೇಟಿ ತಪ್ಪಿಸುವವರು ಇದನ್ನು ಗಮನಿಸಬೇಕು. ಬಾಗಿಲು ಹಾಕಿ ಗೆದ್ದೆನೆಂದುಕೊಂಡವರು ಮಗುವನ್ನೇ ಕಳೆದುಕೊಳ್ಳಬಹುದು.

ಇಷ್ಟು ಮಾಡಬೇಕಾದದ್ದು. ಮಾಡಬಾರದ್ದೂ ಇದೆ. ಶಾಲೆಯ ಗೇಟಿನಿಂದ ಮಗುವನ್ನು ಎತ್ತಿಕೊಂಡು ಹೋಗಬೇಡಿ. ಆದೇಶ ನಿಮ್ಮ ಪರವಾಗಿದ್ದರೂ ಆ ಒಂದು ದಿನದ ಕೆಲಸದಿಂದ ನೀವೇ ತಪ್ಪಿತಸ್ಥರಾಗುತ್ತೀರಿ. ಭೇಟಿ ಕೊಡಲಿಲ್ಲವೆಂದು ಜೀವನಾಂಶ ನಿಲ್ಲಿಸಬೇಡಿ. ಜೀವನಾಂಶ ಬರಲಿಲ್ಲವೆಂದು ಭೇಟಿ ತಡೆಯಬೇಡಿ. ಎರಡಕ್ಕೂ ಬೇರೆ ಬೇರೆ ದಾರಿ ಇದೆ. ಜೀವನಾಂಶಕ್ಕೆ ಮೊದಲು ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಇತ್ತು, 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಇದೆ. ಮಗುವಿನ ಊಟದ ದುಡ್ಡನ್ನೂ ಅದು ನೋಡುವ ಮುಖವನ್ನೂ ಒಂದಕ್ಕೊಂದು ಒತ್ತೆ ಇಡುವುದು ನ್ಯಾಯವಲ್ಲ. ಕೊನೆಯದಾಗಿ, ಮಗು ಅಳುವ ವಿಡಿಯೋ ತೆಗೆದು ವಾಟ್ಸಾಪ್ ಗುಂಪುಗಳಿಗೆ ಹಾಕಬೇಡಿ. ನಾಳೆ ಆ ಮಗು ದೊಡ್ಡದಾಗಿ ಅದನ್ನು ನೋಡುತ್ತದೆ.

ಈಗ ಮಗುವನ್ನು ಬಳಿಯಲ್ಲಿಟ್ಟುಕೊಂಡಿರುವವರಿಗೆ ಎರಡು ಮಾತು. ನಿಮ್ಮ ಭಯ ನಿಜವಿರಬಹುದು. ಕುಡಿತ, ಹೊಡೆತ, ಮಗುವನ್ನು ಬೇರೆ ಊರಿಗೆ ಸಾಗಿಸುವ ಬೆದರಿಕೆ ಇದ್ದರೆ ಸುಮ್ಮನಿರಿ ಎಂದು ನಾನು ಹೇಳುವುದಿಲ್ಲ. ಆದರೆ ಭೇಟಿಯ ದಿನ ಬಾಗಿಲು ಹಾಕುವುದು ಅದಕ್ಕೆ ಮದ್ದಲ್ಲ. ತಕ್ಷಣ ಅದೇ ನ್ಯಾಯಾಲಯಕ್ಕೆ ಹೋಗಿ, ಆಧಾರ ಕೊಟ್ಟು, ಭೇಟಿಯನ್ನು ನಿಲ್ಲಿಸಲೋ ಮೇಲ್ವಿಚಾರಣೆಯಲ್ಲಿ ನಡೆಸಲೋ ಕೇಳಿ. ಜ್ವರ ನಿಜವಾದರೆ ವೈದ್ಯರ ಚೀಟಿಯ ಜೊತೆ ಬದಲಿ ದಿನವನ್ನು ನೀವೇ ಹೇಳಿ. ಮಗು ಹೋಗಲೊಲ್ಲೆ ಎಂದರೆ ಯಾಕೆ ಎಂದು ಕೇಳಿ. ಕೆಲವು ಸಲ ಅದು ಮಗುವಿನದೇ ನೋವು, ಅದನ್ನು ನ್ಯಾಯಾಧೀಶರಿಗೆ ತಿಳಿಸಬೇಕು. ಕೆಲವು ಸಲ ಅದು ನಾವು ಊಟದ ಹೊತ್ತಿನಲ್ಲಿ ಆಡಿದ ಮಾತುಗಳ ಪ್ರತಿಧ್ವನಿ.

ಹೊರ ದೇಶಗಳಲ್ಲೂ ಈ ತೊಂದರೆ ಇದೆ. ಇಂಗ್ಲೆಂಡಿನಲ್ಲಿ 2008ರ ಡಿಸೆಂಬರಿನಿಂದ, ಭೇಟಿಯ ಆದೇಶ ಮೀರಿದವರಿಗೆ ನ್ಯಾಯಾಲಯ ಸಂಬಳವಿಲ್ಲದ ಸಮಾಜಸೇವೆಯ ಕೆಲಸ ವಿಧಿಸಬಹುದು. ಫ್ರಾನ್ಸಿನಲ್ಲಿ ಮಗುವನ್ನು ಒಪ್ಪಿಸದಿರುವುದೇ ಅಪರಾಧ, ಒಂದು ವರ್ಷ ಸಜೆ ಮತ್ತು 15,000 ಯೂರೋ ದಂಡದವರೆಗೆ ಹೋಗಬಹುದು. ತಂದೆ ತಾಯಿ ಇಬ್ಬರೊಂದಿಗೂ ಸಂಬಂಧ ಉಳಿಸಿಕೊಳ್ಳುವುದು ಮಗುವಿನ ಹಕ್ಕು ಎಂದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 9ನೇ ಅನುಚ್ಛೇದ ಹೇಳುತ್ತದೆ. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿದೆ. ಗಮನಿಸಿ, ಹಕ್ಕು ಮಗುವಿನದು. ನಾವು ತಡೆಯುವುದು ಎದುರಾಳಿಯನ್ನಲ್ಲ, ನಮ್ಮದೇ ಮಗುವನ್ನು.

ವಕೀಲರಿಗೆ ಕೊಡಲು ದುಡ್ಡೆಲ್ಲಿ ಎಂಬ ಪ್ರಶ್ನೆ ಬರುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯ 12ನೇ ಕಲಂ ಪ್ರಕಾರ ಮಹಿಳೆಯರಿಗೂ ಮಕ್ಕಳಿಗೂ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ಗಂಡಸರಿಗೆ ಸಾಮಾನ್ಯವಾಗಿ ಆದಾಯದ ಮಿತಿ ಇದೆ. ಅರಸೀಕೆರೆಯ ನ್ಯಾಯಾಲಯದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು, ಹಾಸನದಲ್ಲಿ ಜಿಲ್ಲಾ ಪ್ರಾಧಿಕಾರವನ್ನು ಕೇಳಿ. 15100 ಸಂಖ್ಯೆಗೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ನಿಮ್ಮ ಪ್ರಕರಣ ಯಾವ ನ್ಯಾಯಾಲಯಕ್ಕೆ ಸೇರುತ್ತದೆ ಎಂಬುದನ್ನೂ ಅಲ್ಲಿಯೇ ತಿಳಿಯಬಹುದು. ಸಾಮಾನ್ಯವಾಗಿ ಮಗು ವಾಸವಿರುವ ಸ್ಥಳದ ನ್ಯಾಯಾಲಯಕ್ಕೆ ಅಧಿಕಾರ.

ಜಮಾಅತಿನ ಹಿರಿಯರಿಗೆ ಒಂದು ವಿನಂತಿ. ಪಂಚಾಯ್ತಿ ಮಾಡಿ ಛಾಪಾ ಕಾಗದದ ಮೇಲೆ ರಾಜಿ ಬರೆಸುವುದು ನಮ್ಮಲ್ಲಿ ರೂಢಿ. ಉದ್ದೇಶ ಒಳ್ಳೆಯದೇ. ಆದರೆ ಆ ಕಾಗದವನ್ನು ಡಿಕ್ರಿಯಂತೆ ಜಾರಿ ಮಾಡಿಸಲಾಗುವುದಿಲ್ಲ. ದಾರುಲ್ ಕಝಾಗಳ ತೀರ್ಮಾನಕ್ಕೆ ಕಾನೂನಿನ ಬಲವಿಲ್ಲವೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಆದ್ದರಿಂದ ಒಪ್ಪಿಗೆಯಾದ ಮೇಲೆ ಅದನ್ನು ಲೋಕ ಅದಾಲತ್ತಿಗೆ ಒಯ್ಯಿರಿ. ಅಲ್ಲಿಯ ಅವಾರ್ಡ್ ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮ, ಅದರ ಮೇಲೆ ಅಪೀಲೂ ಇಲ್ಲ. ಹಿರಿಯರ ಮಾತಿನ ತೂಕ ಮತ್ತು ಕಾನೂನಿನ ಬಲ ಎರಡೂ ಸೇರುತ್ತವೆ.

ಸಂಘಕ್ಕೂ ಒಂದು ಸಲಹೆ. ಭಾನುವಾರ ನಮ್ಮ ಶಾಲೆಯ ಕೊಠಡಿಗಳು ಖಾಲಿ ಇರುತ್ತವೆ. ಒಂದು ಕೊಠಡಿ, ನಾಲ್ಕು ಆಟದ ಸಾಮಾನು, ಯಾರ ಪಕ್ಷವೂ ಅಲ್ಲದ ಇಬ್ಬರು ಹಿರಿಯರು, ಒಂದು ಹಾಜರಿ ಪುಸ್ತಕ. ಇಷ್ಟಿದ್ದರೆ ಎರಡೂ ಕಡೆಯವರು ಒಪ್ಪಿ ನ್ಯಾಯಾಲಯವೂ ಒಪ್ಪಿದಲ್ಲಿ ಭೇಟಿ ಇಲ್ಲಿಯೇ ನಡೆಯಬಹುದು. ಮಾಮು ಬಾಗಿಲಲ್ಲಿ ನಿಲ್ಲಬೇಕಾಗಿಲ್ಲ, ತಂದೆ ಬೀದಿಯಲ್ಲಿ ನಿಲ್ಲಬೇಕಾಗಿಲ್ಲ. ಯಾರು ಬಂದರು, ಯಾರು ಬರಲಿಲ್ಲ ಎಂಬುದಕ್ಕೆ ದಾಖಲೆಯೂ ಆಯಿತು. ಇದಕ್ಕೆ ದೊಡ್ಡ ಹಣ ಬೇಕಿಲ್ಲ, ಕಾರ್ಯಕಾರಿ ಸಮಿತಿ ಮನಸ್ಸು ಮಾಡಬೇಕು.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇಂಥ ಸ್ಥಿತಿ ಇದ್ದರೆ ಅದು ನಿಮ್ಮ ತಪ್ಪಿನಿಂದ ಆದದ್ದಲ್ಲ. ಯೋಚಿಸಿ ಹೇಳುವ ವಯಸ್ಸಾಗಿದ್ದರೆ ನಿಮ್ಮ ಇಚ್ಛೆಯನ್ನು ನ್ಯಾಯಾಧೀಶರು ಪರಿಗಣಿಸಬಹುದೆಂದು ಕಾಯಿದೆಯೇ ಹೇಳಿದೆ. ಕೇಳಿದರೆ ಯಾರಿಗೂ ಹೆದರದೆ ಇದ್ದದ್ದನ್ನು ಹೇಳಿ. ಅಬ್ಬಾನನ್ನು ಪ್ರೀತಿಸಿದರೆ ಅಮ್ಮಿಗೆ ದ್ರೋಹವಲ್ಲ, ಅಮ್ಮಿಯನ್ನು ಪ್ರೀತಿಸಿದರೆ ಅಬ್ಬಾಗೆ ದ್ರೋಹವಲ್ಲ. ನಿಮ್ಮ ತರಗತಿಯ ಗೆಳೆಯನೊಬ್ಬ ಸೋಮವಾರ ಮಂಕಾಗಿ ಕೂತಿದ್ದರೆ ಗೇಲಿ ಮಾಡಬೇಡಿ, ಪಕ್ಕದಲ್ಲಿ ಕೂತುಕೊಳ್ಳಿ. ನಿಮ್ಮಲ್ಲಿ ಕೆಲವರು ಕಾನೂನು ಓದಿ ಇಂಥ ಮನೆಗಳಿಗೆ ನೆರವಾಗಿ ಎಂದೂ ಕೇಳಿಕೊಳ್ಳುತ್ತೇನೆ.

ನಿಕಾಹ್ ಮುರಿಯಬಹುದು, ಖುಲಾ ಆಗಬಹುದು, ತಲಾಕ್ ಆಗಬಹುದು. ಅದರಿಂದ ಗಂಡ ಹೆಂಡತಿ ಎಂಬ ಸಂಬಂಧ ಮುಗಿಯುತ್ತದೆ. ತಂದೆ, ತಾಯಿ, ಮಗು ಎಂಬ ಸಂಬಂಧ ಮುಗಿಸಲು ಯಾವ ಕಾಗದವೂ ಇಲ್ಲ. ಅಲ್ಲಾಹನು ನಮ್ಮ ಮನೆಗಳಲ್ಲಿ ನ್ಯಾಯವನ್ನೂ ಕರುಣೆಯನ್ನೂ ಉಳಿಸಲಿ. ಆಮೀನ್.